ಹತ್ತು ದಿನ ನೆಲ ನೋಡಿದ ಕಣ್ಣು

ನನ್ನ ಕಣ್ಣಿನೊಳಗಿನ ಪರದೆ ಹರಿದದ್ದಕ್ಕೆ ಮೊದಲು ಬೈಸಿಕೊಂಡವರು ನನ್ನ ಗಂಡ. ಅವರ ತಪ್ಪೇನೂ ಇರಲಿಲ್ಲ. ದೀಪಾವಳಿ ಮುಗಿದ ವಾರ, ಗ್ರೇಟರ್ ನೋಯ್ಡಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದರು, ಅಷ್ಟೆ. ಕರ್ನಲ್ ಮುತ್ತಣ್ಣನವರು ಸೇನೆಯಿಂದ ನಿವೃತ್ತರಾಗಿ ಆರು ವರ್ಷವಾಯಿತು, ಅವರ ಶೂ ಇನ್ನೂ ನಿವೃತ್ತಿಯಾಗಿಲ್ಲ.

"ನಿಮ್ಮ ಬ್ರಶ್ಶಿನ ಧೂಳೆಲ್ಲ ನನ್ನ ಚಿತ್ರದ ಮೇಲೆ ಕೂತಿದೆ ರೀ. ಎದ್ದು ಒಳಗೆ ಹೋಗಿ" ಎಂದೆ.

"ವಸು, ಗಾಳಿ ಆ ಕಡೆ ಬೀಸ್ತಾ ಇದೆ" ಎಂದರು ಅವರು. ಗಾಳಿಯ ದಿಕ್ಕು ಹೇಳುವ ಗಂಡನ ಮೇಲೆ ಇನ್ನಷ್ಟು ಕೋಪ ಬರುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮೈಸೂರಿನ ನನ್ನ ತಮ್ಮನಿಗೇ ಅದು ಇನ್ನೂ ಗೊತ್ತಿಲ್ಲ. ರಟ್ಟು, ಬೆಂಕಿಕಡ್ಡಿ, ಹಳೆ ಸೀರೆಯ ಚೂರು ಇವುಗಳಿಂದ ದೆಹಲಿಯ ಸಣ್ಣ ಸಣ್ಣ ಜಾಗಗಳನ್ನು ಮೇಜಿನ ಮೇಲೆ ಕಟ್ಟುತ್ತೇನೆ. ಬಸ್ ಸ್ಟಾಪು, ಕ್ಷೌರದಂಗಡಿ, ಸರ್ಕಾರಿ ಕ್ವಾರ್ಟರ್ಸಿನ ಹಿಂಬದಿಯ ಅಂಗಳ. ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆದು, ದೊಡ್ಡ ನೆಗೆಟಿವ್ ಮಾಡಿ, ಔಷಧಿ ಬಳಿದ ಕಾಗದದ ಮೇಲಿಟ್ಟು, ಗಾಜು ಮುಚ್ಚಿ, ತಾರಸಿಯ ಬಿಸಿಲಿಗೆ ಒಡ್ಡುತ್ತೇನೆ. ಆಮೇಲೆ ನೀರಿನಲ್ಲಿ ತೊಳೆದರೆ ನೀಲಿ ಚಿತ್ರ ಮೂಡುತ್ತದೆ. ಒಂದು ಚಿತ್ರಕ್ಕೆ ಒಂದೊಂದು ತಿಂಗಳು ಹಿಡಿಯುತ್ತದೆ. ನಮ್ಮ ಮಹಡಿಯ ಗುಪ್ತಾಜಿ ಒಮ್ಮೆ ಇದನ್ನೆಲ್ಲ ಗಮನವಿಟ್ಟು ಕೇಳಿ, "ಭಾಭೀಜಿ, ಫೋನ್ ಮೇ ತೋ ಬ್ಲೂ ಫಿಲ್ಟರ್ ಹೋತಾ ಹೈ ನಾ?" ಎಂದರು. ಒಂದು ತಿಂಗಳು ಅವರಿಗೆ ನಮಸ್ತೆ ಹೇಳಿರಲಿಲ್ಲ.

ಈ ಕೆಲಸವೆಲ್ಲ ನಡೆಯುತ್ತಿದ್ದದ್ದು ಬಲಗಣ್ಣಿನಲ್ಲಿ. ಕ್ಯಾಮೆರಾಕ್ಕೆ ಒತ್ತುವುದೂ ಅದನ್ನೇ, ಭೂತಗನ್ನಡಿಗೆ ಕೊಡುವುದೂ ಅದನ್ನೇ. ಎಡಗಣ್ಣು ಐವತ್ತನಾಲ್ಕು ವರ್ಷ ಸುಮ್ಮನೆ ಜೊತೆಗೆ ಬಂದಿತ್ತು.

ಆ ವಾರ ಮುಗಿಸಿದ್ದು ನಮ್ಮ ಗೇಟಿನ ಪಕ್ಕದ ಇಸ್ತ್ರಿ ಅಂಗಡಿ. ತಗಡಿನ ಮಾಡು, ಎರಡು ಬಿದಿರಿನ ಕಂಬ, ಕಲ್ಲಿದ್ದಲಿನ ಇಸ್ತ್ರಿಪೆಟ್ಟಿಗೆ, ಮಡಚಿಟ್ಟ ಹದಿನೆಂಟು ಅಂಗಿ. ಒಂದೊಂದು ಅಂಗಿಯೂ ಅವರೆಕಾಳಿನಷ್ಟು. ಚಿತ್ರ ತೊಳೆದು ಒಣಹಾಕಿದರೆ ಮೇಲೆಲ್ಲ ಕಪ್ಪು ಚುಕ್ಕೆ! ಶೂ ಬ್ರಶ್ಶನ್ನು ಬೈದು, ಗಾಜು ಒರೆಸಿ ಎರಡನೆಯದನ್ನು ಮಾಡಿದೆ. ಅದರಲ್ಲೂ ಚುಕ್ಕೆ. ದೆಹಲಿಯ ಹವೆಯನ್ನು ಬೈದು ಮೂರನೆಯದನ್ನು ಮಾಡಿದೆ. ಅದರಲ್ಲೂ ಇತ್ತು. ಕೊನೆಗೆ ಅತಿ ಸಣ್ಣ ಕುಂಚ ತೆಗೆದುಕೊಂಡು, ಬಿಳಿ ಬಣ್ಣದಿಂದ ಒಂದೊಂದೇ ಚುಕ್ಕೆ ಮುಚ್ಚಲು ಕೂತೆ. ಕುಂಚದ ತುದಿ ಇಡುವಷ್ಟರಲ್ಲಿ ಚುಕ್ಕೆ ಪಕ್ಕಕ್ಕೆ ಸರಿಯುತ್ತಿತ್ತು. ಹುಳವಿರಬೇಕೆಂದು ಊದಿದೆ. ಹಲ್ಲು ಕಚ್ಚಿಕೊಂಡು ಒಂದು ಗಂಟೆ ಅದರ ಬೆನ್ನು ಹತ್ತಿದೆ.

ಸಂಜೆ ಕಾಲೇಜಿನಿಂದ ಬಂದ ಮಗಳು ದೇಚು ಚಿತ್ರ ನೋಡಿದಳು. "ಅಮ್ಮಾ, ಇಲ್ಲಿ ಸ್ನೋಫಾಲ್ ಯಾಕೆ ಆಗ್ತಾ ಇದೆ? ಪ್ರೆಸ್‌ವಾಲಾ ಭಯ್ಯಾ ಶಿಮ್ಲಾಗೆ ಶಿಫ್ಟ್ ಆದ್ರಾ?"

"ಕಪ್ಪು ಚುಕ್ಕೆ ಇತ್ತಲ್ಲೇ, ಅದನ್ನ ಮುಚ್ಚಿದೀನಿ."

"ಕಹಾಂ? ಉಳಿದ ಎರಡು ಪ್ರಿಂಟ್ಸ್‌ನಲ್ಲಿ ಒಂದೂ ಇಲ್ಲ ಅಮ್ಮಾ. ಬಿಲ್ಕುಲ್ ಸಾಫ್ ಹೈ."

ಬುದ್ಧಿಯಿದ್ದವರು ಆಗಲೇ ಆಸ್ಪತ್ರೆಗೆ ಹೊರಡುತ್ತಿದ್ದರು. ನಾನು, "ಫೋನ್ ನೋಡಿ ನೋಡಿ ನಿನ್ನ ಕಣ್ಣು ಹಾಳಾಗಿದೆ, ನಾಳೆನೇ ಡಾಕ್ಟರ್ ಹತ್ತಿರ ಹೋಗು" ಎಂದು ಅವಳನ್ನೇ ಗದರಿದೆ.

ಮರುದಿನ ಕಣ್ಣಂಚಿನಲ್ಲಿ ಮಿಂಚು ಹೊಡೆಯತೊಡಗಿತು. ಹಬ್ಬ ಮುಗಿದು ವಾರವಾದರೂ ಯಾರ ಮನೆಯವರೋ ಪಟಾಕಿ ಹಚ್ಚುತ್ತಿದ್ದಾರೆ ಎಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಉದ್ದದ ದೂರು ಬರೆದೆ. ಯಾರೂ ಹಚ್ಚಿಲ್ಲವೆಂದು ಹನ್ನೊಂದು ಮನೆಯವರು ವಿನಯದಿಂದ ಉತ್ತರಿಸಿದರು. ಹನ್ನೊಂದು ಸುಳ್ಳುಗಾರರ ನಡುವೆ ಬದುಕುತ್ತಿದ್ದೇನೆಂದು ನನಗೆ ಖಾತ್ರಿಯಾಯಿತು.

ಮೂರನೆಯ ಬೆಳಗ್ಗೆ ಹೊಸದಾಗಿ ಫೋಟೋ ತೆಗೆಯಲು ಕ್ಯಾಮೆರಾದೊಳಗೆ ನೋಡಿದರೆ, ಇಸ್ತ್ರಿ ಅಂಗಡಿಯ ಹಿಂದೆ ಕಟ್ಟಿದ್ದ ಕಪ್ಪು ಬಟ್ಟೆ ಜಾರಿ ಮೂಲೆಯಲ್ಲಿ ಅಡ್ಡ ಬಂದಂತಿತ್ತು. ಎಳೆದೆ. ಹೋಗಲಿಲ್ಲ. ಇನ್ನೂ ಜೋರಾಗಿ ಎಳೆದೆ. ಬಟ್ಟೆ ಕಳಚಿ ಪೂರ್ತಿ ಅಂಗಡಿಯ ಮೇಲೆ ಬಿತ್ತು. ಆದರೂ ಆ ಮೂಲೆ ಕಪ್ಪಾಗಿಯೇ ಇತ್ತು. ಕ್ಯಾಮೆರಾದಿಂದ ತಲೆಯೆತ್ತಿ ಗೋಡೆ ನೋಡಿದೆ. ಅಲ್ಲೂ ಕಪ್ಪು ಪರದೆ. "ರೀ" ಎಂದು ಕೂಗಿದ ದನಿಯಲ್ಲೇ ಏನೋ ಇದ್ದಿರಬೇಕು. ಒಂದು ಪ್ರಶ್ನೆಯನ್ನೂ ಕೇಳದೆ ಅವರು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಇದನ್ನು ಓದುತ್ತಿರುವ ಯಾರಿಗಾದರೂ ಚುಕ್ಕೆ, ಮಿಂಚು, ಪರದೆ ಕಂಡರೆ ದಯವಿಟ್ಟು ಗಂಡನನ್ನು ಆಮೇಲೆ ಬೈಯಿರಿ. ಮೊದಲು ಆಸ್ಪತ್ರೆಗೆ ಹೋಗಿ.

ದೆಹಲಿಯ ಆ ಕಣ್ಣಾಸ್ಪತ್ರೆಯಲ್ಲಿ ಕಾಯುವ ಕೋಣೆ ತುಂಬ ಕಣ್ಣು ಮುಚ್ಚಿ ಕೂತ ಜನ. ಪಾಪೆ ಹಿಗ್ಗಲು ಔಷಧಿ ಹಾಕಿರುತ್ತಾರೆ, ನರ್ಸು ಬಂದು ಭುಜ ತಟ್ಟಿದಾಗ ಮಾತ್ರ ಕಣ್ಣು ತೆರೆಯಬೇಕು. ನನ್ನ ಸರದಿ ಇನ್ನೂ ಬಂದಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಸರ್ದಾರ್ಜಿಯೊಬ್ಬರು ಆಪರೇಷನ್ ಮುಗಿಸಿ ಪರೀಕ್ಷೆಗೆ ಬಂದವರು, ತಲೆ ಬಗ್ಗಿಸಿ ನೆಲವನ್ನೇ ನೋಡುತ್ತಿದ್ದರು. ಪಾಪ, ಯಾರನ್ನು ಕಳೆದುಕೊಂಡರೋ ಎಂದುಕೊಂಡು ಸಮಾಧಾನದ ಎರಡು ಮಾತಾಡಿದೆ. "ನಹೀಂ ಜಿ, ಡಾಕ್ಟರ್ ಕಾ ಆರ್ಡರ್ ಹೈ" ಎಂದು ನನ್ನ ಚಪ್ಪಲಿಗೆ ಉತ್ತರ ಕೊಟ್ಟರು. "ಚಾರ್ ದಿನ್ ಸೇ ಬೀವೀ ಕಾ ಚೆಹರಾ ನಹೀಂ ದೇಖಾ. ಬಡೀ ಶಾಂತಿ ಹೈ." ಹೆಂಡತಿಯ ಮುಖ ನೋಡದೆ ನಾಲ್ಕು ದಿನ, ಬಹಳ ನೆಮ್ಮದಿಯಂತೆ. ಅವರ ಆಚೆ ಕೂತ ಹೆಂಡತಿ ಅವರ ತೊಡೆಗೆ ಚಿವುಟಿದ್ದು ನನಗೆ ಎಡಗಣ್ಣಿನಲ್ಲೂ ಚೆನ್ನಾಗಿಯೇ ಕಂಡಿತು.

ಡಾಕ್ಟರಮ್ಮ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಂತೆ ಕಂಡಳು. ಬಹಳ ಹೊತ್ತು ನೋಡಿ, "ಆಂಟಿ, ರೆಟಿನಾ ಉಖಡ್ ಗಯಾ ಹೈ. ಕಲ್ ಸುಬಹ್ ಆಪರೇಷನ್" ಎಂದಳು. ಗೋಡೆಯಿಂದ ಕಾಗದ ಏಳುವಂತೆ ಕಣ್ಣಿನ ಹಿಂಗೋಡೆಯಿಂದ ಪರದೆ ಎದ್ದಿದೆ, ಮಧ್ಯದ ಮುಖ್ಯ ಭಾಗವೂ ಏಳಲು ಶುರುವಾಗಿದೆ. ಅದನ್ನು ಅಂಟಿಸಿ, ಕಣ್ಣೊಳಗೆ ಅನಿಲದ ಗುಳ್ಳೆ ಬಿಡುತ್ತಾರೆ. ಗುಳ್ಳೆ ಒಳಗಿನಿಂದ ಪರದೆಯನ್ನು ಒತ್ತಿ ಹಿಡಿಯಲು ನಾನು ಹತ್ತು ದಿನ ಮುಖ ಕೆಳಗೆ ಮಾಡಿಯೇ ಇರಬೇಕು. ಊಟ, ನಿದ್ದೆ, ಎಲ್ಲ ಹಾಗೆಯೇ. ಅಂಟು ಒಣಗುವವರೆಗೆ ಒತ್ತಿ ಹಿಡಿಯಬೇಕೆಂಬುದು ನನಗೆ ಯಾರೂ ಹೇಳಿಕೊಡಬೇಕಿಲ್ಲ, ಅದೇ ನನ್ನ ಕಸುಬು. ನಾನು ಕೇಳಿದ್ದು ಒಂದೇ: ಮೊದಲಿನ ಹಾಗೆ ಕಾಣುತ್ತದೆಯೇ?

"ಪಹಲೇ ಚಿಪಕ್ ತೋ ಜಾಯೇ, ಆಂಟಿ. ಫಿರ್ ದೇಖೇಂಗೇ."

ಮೊದಲು ಅಂಟಲಿ, ಆಮೇಲೆ ನೋಡೋಣ. ಸುಳ್ಳು ಹೇಳಲಿಲ್ಲವೆಂದು ಅವಳ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಕುರುಡಿಯಾಗುವ ಭಯವಲ್ಲ, ಇನ್ನೊಂದು ಕಣ್ಣಿತ್ತು. ಭಯ ಬೇರೆಯದೇ. ಮೂರು ದಿನ ನನ್ನ ಕಣ್ಣಿನ ದೋಷವನ್ನು ಚಿತ್ರದ ದೋಷವೆಂದು ನಂಬಿ ಒಂದು ಒಳ್ಳೆಯ ಚಿತ್ರವನ್ನು ಹಾಳು ಮಾಡಿದ್ದೆ. ಇನ್ನು ಮುಂದೆ ತಪ್ಪು ಎಲ್ಲಿದೆ, ಚಿತ್ರದಲ್ಲೋ ನನ್ನಲ್ಲೋ ಎಂದು ನನಗೇ ಗೊತ್ತಾಗದಿದ್ದರೆ ನಾನು ಮಾಡುವುದಾದರೂ ಏನು? ಇದನ್ನೆಲ್ಲ ಹೇಳಿದಾಗ ಗಂಡ ಡ್ಯಾಶ್‌ಬೋರ್ಡಿನಿಂದ ಪೆನ್ನು, ಕಾಗದ ತೆಗೆದರು. ಆಮೇಲೆ, "ವಸು, ಮೊದಲು ಹತ್ತು ದಿನದ ಪ್ಲಾನ್ ಮಾಡೋಣ" ಎಂದರು. ಅವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಪ್ಲಾನ್ ಮಾಡಲು ಬರುತ್ತದೆ.

ಆಪರೇಷನ್ನಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ, ಕಿವಿ ಎಚ್ಚರವಾಗಿರುತ್ತದೆ. ನನ್ನ ಕಣ್ಣು ಹೊಲಿಯುತ್ತಿದ್ದವರು ಛೋಲೆ ಭಟೂರೆ ಎಲ್ಲಿ ಚೆನ್ನಾಗಿ ಸಿಗುತ್ತದೆಂದು ಚರ್ಚಿಸುತ್ತಿದ್ದರು. ನನಗೂ ಒಂದು ಅಭಿಪ್ರಾಯವಿತ್ತು. ಆದರೆ ಮಾತಾಡಬಾರದೆಂದು ಹೇಳಿದ್ದರು.

ಮನೆಗೆ ಬಂದರೆ ಪ್ಲಾನ್ ಜಾರಿಯಾಗಿತ್ತು. ಮೂವತ್ತು ವರ್ಷ ಎಲ್ಲ ಪೋಸ್ಟಿಂಗಿಗೂ ಹೊತ್ತು ತಿರುಗಿದ, ಯಾರಿಗೂ ಮುಟ್ಟಗೊಡದ ತಮ್ಮ ಕ್ಯಾನ್ವಾಸಿನ ಮಡಚುವ ಮಂಚಕ್ಕೆ ಮುತ್ತಣ್ಣನವರು ಕತ್ತರಿ ಹಾಕಿ, ನನ್ನ ಮುಖದಷ್ಟು ತೂತು ಮಾಡಿದ್ದರು. ಅಂಚಿಗೆ ದೇಚುವಿನ ಹಳೆಯ ಸ್ವೆಟರ್ ಹೊಲಿದಿದ್ದರು. ಹೊಲಿಗೆ ಅಂಕುಡೊಂಕಾಗಿತ್ತು, ಆದರೆ ಕೆನ್ನೆಗೆ ಮೆತ್ತಗಿತ್ತು. ಗೋಡೆಯ ಮೇಲೆ ವೇಳಾಪಟ್ಟಿ. ಐವತ್ತು ನಿಮಿಷ ಮುಖ ಕೆಳಗೆ, ಹತ್ತು ನಿಮಿಷ ವಿರಾಮ. ವಿರಾಮಕ್ಕೆ ಸೀಟಿ.

"ಸೀಟಿ ಊದಿದರೆ ನಾನು ಎದ್ದು ಹೊಡೀತೀನಿ" ಎಂದು ನೆಲಕ್ಕೆ ಹೇಳಿದೆ.

"ಏಳೋ ಹಾಗಿಲ್ಲ. ಇನ್ನೂ ನಲವತ್ತೆರಡು ನಿಮಿಷ ಇದೆ" ಎಂದು ಮೇಲಿನಿಂದ ಉತ್ತರ ಬಂತು.

ಮುಖ ಕೆಳಗೆ ಮಾಡಿ ಬದುಕುವವರಿಗೆ ಜನರೆಂದರೆ ಪಾದಗಳು. ನೋಡಲು ಬಂದವರನ್ನೆಲ್ಲ ಹಿಮ್ಮಡಿಯಿಂದ ಗುರುತಿಸಲು ಕಲಿತೆ. ಗುಪ್ತಾಜಿಯ ಹೆಂಡತಿ ತಂದ ಖೀರನ್ನು ಸ್ಟ್ರಾದಲ್ಲಿ ಹೀರಲು ಹೋಗಿ ಅನ್ನದಗುಳು ಸಿಕ್ಕಿಕೊಂಡಿತು. ಉಪ್ಪಿಟ್ಟನ್ನು ಚಮಚದಲ್ಲಿ ಮೇಲ್ಮುಖವಾಗಿ ತಿನ್ನುವುದನ್ನು ಎರಡೇ ದಿನದಲ್ಲಿ ಕರಗತ ಮಾಡಿಕೊಂಡೆ. ನನ್ನ ಮುಖ ನೋಡಿ ಮಾತಾಡಬೇಕೆಂದರೆ ಗಂಡ ನೆಲದ ಮೇಲೆ ಅಂಗಾತ ಮಲಗಿ, ತೆವಳಿಕೊಂಡು ಮಂಚದ ಕೆಳಗೆ ಬರುತ್ತಿದ್ದರು. ಎರಡೂ ಮಂಡಿಯಲ್ಲಿ ನೋವಿರುವ ಮನುಷ್ಯ. ಒಳಗೆ ಬರುವಾಗ "ಅಯ್ಯಪ್ಪಾ" ಎನ್ನುವರು, ಹೊರಗೆ ಹೋಗುವಾಗ ಇನ್ನೂ ಜೋರಾಗಿ ಎನ್ನುವರು. ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಮೇಲೆ ಅಷ್ಟು ಹತ್ತಿರದಿಂದ ಅವರ ಮುಖ ನೋಡಿದ್ದು ಆಗಲೇ. ಮೂಗಿನಲ್ಲಿ ಕೂದಲು ಬಹಳ ಬೆಳೆದಿದೆ ಎಂದೆ. ನನಗೆ ನಿಜವಾಗಿ ಹೇಳಬೇಕೆಂದಿದ್ದು ಅದಲ್ಲ.

ಮೂರನೆಯ ದಿನ ನಾನು ಸೋತೆ. ನೆಲದ ಟೈಲ್ಸ್ ನೋಡಿ ನೋಡಿ ತಲೆ ಕೆಟ್ಟಿತ್ತು. ಅಳಲೂ ಭಯ, ಹೊಲಿಗೆ ಒದ್ದೆಯಾದರೆ? ತಂದ ಉಪ್ಪಿಟ್ಟನ್ನು ಹಾಗೆಯೇ ಹಿಂದಕ್ಕೆ ಕಳಿಸಿದೆ. ಮಧ್ಯಾಹ್ನ ಮಂಚದ ಕೆಳಗೆ ಏನೋ ಕರ್ರೆಂದು ಸರಿದು ಬಂತು. ಕಣ್ಣು ತೆರೆದರೆ, ಹಿಟ್ಟು ಕಲಸುವ ನಮ್ಮ ದೊಡ್ಡ ಪರಾತದ ತುಂಬ ಮರಳು. ಪಕ್ಕದಲ್ಲಿ ಹೊಸ ಟವರ್ ಕಟ್ಟುತ್ತಿದ್ದಾರೆ, ಅಲ್ಲಿಂದ ತಂದದ್ದು. ಮರಳಿನ ಮೇಲೆ ನಮ್ಮ ಸೊಸೈಟಿ!

ಸೇನೆಯಲ್ಲಿ ಕಾರ್ಯಾಚರಣೆಗೆ ಮೊದಲು ಮರಳಿನಲ್ಲಿ ಗುಡ್ಡ, ಹೊಳೆ, ರಸ್ತೆ ಮಾಡಿ, ಬಣ್ಣದ ಪುಡಿ ಉದುರಿಸಿ, ಬಾವುಟ ನೆಟ್ಟು ಜವಾನರಿಗೆ ವಿವರಿಸುತ್ತಾರೆ. ಮುತ್ತಣ್ಣನವರು ಅಂಥವನ್ನು ನೂರಾರು ಮಾಡಿದವರು. ನನ್ನ ಕೆಲಸವನ್ನು ಮಾತ್ರ ಇಷ್ಟು ವರ್ಷವೂ "ವಸುವಿನ ಬೊಂಬೆಮನೆ" ಎನ್ನುತ್ತಿದ್ದರು.

"ಬೆಳಗಿನ ವರದಿ" ಎಂದು ಶುರು ಮಾಡಿದರು. ಒಂದು ಉದ್ದನೆಯ ಕಡ್ಡಿ ಮಂಚದ ಕೆಳಗೆ ತೂರಿ ಬಂತು. "ಇದು ಬಿ ಟವರ್. ಇದು ಗೇಟು. ಏಳೂವರೆಗೆ ನೀರಿನ ಟ್ಯಾಂಕರ್ ಇಲ್ಲಿಂದ ಬಂತು. ಗುಪ್ತಾಜಿ ಕಾರು ಇಲ್ಲಿ ಅಡ್ಡ ಇತ್ತು. ಇಲ್ಲಿ ಜಗಳ ಶುರು. ಕೆಂಪು ಬಾವುಟ ಗುಪ್ತಾಜಿ, ನೀಲಿ ಬಾವುಟ ಟ್ಯಾಂಕರ್ ಡ್ರೈವರ್. ಎಂಟು ಗಂಟೆಗೆ ಗುಪ್ತಾಜಿ ಈ ದಾರಿಯಲ್ಲಿ ಹಿಂದೆ ಸರಿದರು."

ಮರಗಳೆಲ್ಲ ಕೊತ್ತಂಬರಿ ಸೊಪ್ಪು. ನನಗೆ ತಡೆಯಲಾಗಲಿಲ್ಲ.

"ಕಾರು ಕ್ಲಬ್‌ಹೌಸಿಗಿಂತ ದೊಡ್ಡದಿದೆ ರೀ. ಯಾವ ಅಳತೆ ಇದು?"

"ಅಳತೆ ಮುಖ್ಯ ಅಲ್ಲ, ಸಿಚುಯೇಷನ್ ಮುಖ್ಯ."

"ಅಳತೆನೇ ಮುಖ್ಯ! ನಾಳೆ ಟೇಪ್ ಇಟ್ಟುಕೊಂಡು ಮಾಡಿ."

"ಪಪ್ಪಾ, ಅಮ್ಮ ಠೀಕ್ ಹೋ ಗಯೀ" ಎಂದು ದೇಚು ಅಡುಗೆಮನೆಯಿಂದ ಕೂಗಿದಳು.

ಅಲ್ಲಿಂದ ಮುಂದೆ ದಿನವೂ ಹನ್ನೊಂದು ಗಂಟೆಗೆ ಪರಾತ ಬರುತ್ತಿತ್ತು, ದಿನವೂ ಜಗಳವಾಗುತ್ತಿತ್ತು. ಅಳತೆ ಸುಧಾರಿಸಿತು. ಒಂಬತ್ತನೆಯ ದಿನದ ತರಕಾರಿ ಗಾಡಿಯಲ್ಲಿ ನಾನು ಎಣಿಸಿದ ತಪ್ಪು ಎರಡೇ. ರೋಗಿಯನ್ನು ನೋಡಿಕೊಳ್ಳುವುದೆಂದರೆ ಹಣೆ ಸವರುವುದು ಎಂದುಕೊಂಡಿದ್ದೆ. ನನಗೆ ಬೇಕಿದ್ದದ್ದು ಬೈಯಲು ಒಂದು ಕಾರು.

ಹತ್ತು ದಿನ ಮುಗಿದು ತಲೆಯೆತ್ತಿದಾಗ, ನಡೆದಾಗಲೆಲ್ಲ ಗುಳ್ಳೆ ಕಣ್ಣೊಳಗೆ ತುಳುಕುತ್ತಿತ್ತು. ಕೆಲವು ವಾರಗಳಲ್ಲಿ ಅದು ಕರಗಿ ಹೋಯಿತು. ಡಾಕ್ಟರಮ್ಮ ನೋಡಿ, "ಚಿಪಕ್ ಗಯಾ!" ಎಂದು ತಾನೇ ಚಪ್ಪಾಳೆ ತಟ್ಟಿದಳು. ಪರದೆ ಅಂಟಿತ್ತು. ನೋಟ ಮಾತ್ರ ಪೂರ್ತಿ ಬರಲಿಲ್ಲ. ಬಲಗಣ್ಣಿಗೆ ನೇರ ಗೆರೆಯೆಲ್ಲ ನಡುವೆ ಬಾಗಿ ಕಾಣುತ್ತಿತ್ತು, ಸಣ್ಣದೆಲ್ಲ ಮಸುಕು. ಇನ್ನೂ ಸುಧಾರಿಸಬಹುದು, ಆದರೆ ಪೂರ್ತಿ ನೇರವಾಗುವುದು ಕಷ್ಟ ಎಂದಳು. ಮನೆಗೆ ಬಂದು, ದೇಚು ಎತ್ತಿ ನಿಲ್ಲಿಸಿದ್ದ ಇಸ್ತ್ರಿ ಅಂಗಡಿಯನ್ನು ಕ್ಯಾಮೆರಾದಲ್ಲಿ ನೋಡಿದೆ. ಬಿದಿರಿನ ಕಂಬಗಳು ಸೊಂಟ ತಿರುಗಿಸಿ ನಿಂತಿದ್ದವು. ಹದಿನೆಂಟು ಅಂಗಿಗಳು ಒಂದೇ ಮುದ್ದೆ. ಕ್ಯಾಮೆರಾಕ್ಕೆ ಟವೆಲ್ ಹೊದಿಸಿ ಎರಡು ವಾರ ಆ ಕೋಣೆಗೆ ಹೋಗಲಿಲ್ಲ.

"ಎಡಗಣ್ಣಲ್ಲಿ ನೋಡು" ಎಂದರು ಗಂಡ.

ಹೇಳುವುದು ಸುಲಭ. ಎಡಗಣ್ಣಲ್ಲಿ ನೋಡಬೇಕಾದರೆ ಬಲಗಣ್ಣು ಮುಚ್ಚಬೇಕು. ನನಗೆ ಮುಚ್ಚಲು ಬರುವುದು ಎಡಗಣ್ಣು ಮಾತ್ರ. ಬಲಗಣ್ಣು ಮುಚ್ಚಲು ಹೋದರೆ ಎರಡೂ ಮುಚ್ಚಿ, ಬಾಯಿ ಸೊಟ್ಟಗಾಗುತ್ತದೆ. ಕಪ್ಪು ಪಟ್ಟಿ ಕಟ್ಟಿಕೊಂಡು ನೋಡಿದೆ. ಅಂಗಡಿಯೊಳಗೆ ಕೈಹಾಕಿ ಅಂಗಿ ಸರಿಸಲು ಎರಡು ಕಣ್ಣೂ ಬೇಕು, ಕ್ಯಾಮೆರಾದಲ್ಲಿ ನೋಡಲು ಒಂದು. ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ಅರ್ಧ ಕೂದಲು ಕಿತ್ತು ಬಂತು. ಕರ್ನಲ್ ಸಾಹೇಬರು ಬಂದೂಕಿನ ತರಬೇತಿಯಲ್ಲಿ ಇಂಥ ಹೊಸ ರಂಗರೂಟುಗಳನ್ನು ಬಹಳ ಕಂಡಿದ್ದರಂತೆ. ಬೆಳಗ್ಗೆ ಕಾಫಿಯ ಜೊತೆ ಕವಾಯತು ಶುರುವಾಯಿತು. "ಬಲಗಣ್ಣು ಬಂದ್! ಬಾಯಿ ನೇರ! ಹಲ್ಲು ಕಾಣಬಾರದು!"

ಹೋದಲ್ಲಿ ಬಂದಲ್ಲಿ ಅಭ್ಯಾಸ ಮಾಡಿದೆ. ಲಿಫ್ಟಿನಲ್ಲಿ ಮಾಡುತ್ತಿದ್ದಾಗ ಬಾಗಿಲು ತೆರೆದು ಗುಪ್ತಾಜಿ ಎದುರಿಗೇ ನಿಂತಿದ್ದರು. ಸರಿಯಾಗಿ ಆಗಲೇ, ಜೀವನದಲ್ಲಿ ಮೊದಲ ಬಾರಿಗೆ, ಬಲಗಣ್ಣು ಒಂಟಿಯಾಗಿ ಮುಚ್ಚಿಕೊಂಡಿತು. ಸಂತೋಷಕ್ಕೆ ನಗೆಯೂ ಬಂದುಬಿಟ್ಟಿತು. ಗುಪ್ತಾಜಿ ಒಂದು ಹೆಜ್ಜೆ ಹಿಂದೆ ಸರಿದು, "ಮೈಂ ಸೀಢಿಯೋಂ ಸೇ ಆತಾ ಹೂಂ, ಭಾಭೀಜಿ" ಎಂದು ಮೆಟ್ಟಿಲಿನತ್ತ ತಿರುಗಿದರು. ಅವರ ಹೆಂಡತಿಗೆ ವಿಷಯ ವಿವರಿಸಲು ದೇಚು ಹೋಗಬೇಕಾಯಿತು. ಇಬ್ಬರೂ ನಕ್ಕ ಸದ್ದು ಆರನೆಯ ಮಹಡಿಯವರಿಗೂ ಕೇಳಿಸಿರಬೇಕು.

ಫೆಬ್ರವರಿಯಲ್ಲಿ ಹೊಗೆ ಕಳೆದು ತಾರಸಿಗೆ ಬಿಸಿಲು ಬಂತು. ಎಡಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಮೂಗು ನಜ್ಜುಗುಜ್ಜಾಗಿ, ಇಸ್ತ್ರಿ ಅಂಗಡಿಯ ಫೋಟೋ ತೆಗೆದೆ. ಚಿತ್ರ ಬಿಸಿಲಿಗಿಟ್ಟು, ತೊಳೆದು, ಒಣಗಿಸಿ ಮೇಜಿನ ಮೇಲಿಟ್ಟಾಗ ನೋಡಲು ಧೈರ್ಯ ಬರಲಿಲ್ಲ. ಗಂಡನನ್ನು ಕರೆದೆ. ನನ್ನ ಚಿತ್ರ ತೋರಿಸಿದಾಗಲೆಲ್ಲ ಅವರು ಪೇಪರಿನಿಂದ ತಲೆಯೆತ್ತಿ "ಫಸ್ಟ್ ಕ್ಲಾಸ್" ಎಂದು ಮತ್ತೆ ಪೇಪರಿಗೆ ಇಳಿಯುವವರು. ನನಗೂ ಆ ಹೊತ್ತಿಗೆ ಅಷ್ಟೇ ಸಾಕಿತ್ತು.

ಅವರು ಕನ್ನಡಕ ಬದಲಿಸಿದರು. ಭೂತಗನ್ನಡಿ ಕೇಳಿದರು. ಎರಡೂ ಕೈ ಮೇಜಿಗೆ ಊರಿ, ನಕ್ಷೆ ಓದುವವರ ಹಾಗೆ ಮೇಲಿನ ಎಡ ಮೂಲೆಯಿಂದ ಶುರು ಮಾಡಿದರು. ಐದು ನಿಮಿಷವಾಯಿತು.

"ಏನಾದರೂ ಹೇಳ್ರೀ!"

"ಎಲ್ಲ ನೆಟ್ಟಗಿದೆ" ಎಂದರು ನಿಧಾನವಾಗಿ. "ಕೆಳಗಿನ ಸಾಲಲ್ಲಿ ಮೂರನೇ ಅಂಗಿ ಇದೆಯಲ್ಲ, ಅದರ ಕಾಲರ್ ಮಸುಕು."

ಕೋಪ ನೆತ್ತಿಗೇರಿತು. ಇಪ್ಪತ್ತೇಳು ವರ್ಷದಲ್ಲಿ ಒಂದು ತಪ್ಪನ್ನೂ ಹುಡುಕದವರು ಈಗ ಹುಡುಕಬೇಕೇ? ಭೂತಗನ್ನಡಿ ಕಸಿದುಕೊಂಡು, ಬಲಗಣ್ಣು ಮುಚ್ಚಿ, ಬಗ್ಗಿದೆ. ಒಂದನೆಯ ಅಂಗಿ ಸ್ಪಷ್ಟವಾಗಿತ್ತು. ಎರಡನೆಯದರ ಗುಂಡಿಯನ್ನೂ ಎಣಿಸಬಹುದಿತ್ತು. ನಾಲ್ಕನೆಯದೂ ಸರಿ. ಮೂರನೆಯದರ ಕಾಲರ್ ಮಾತ್ರ ಮಸುಕಾಗಿತ್ತು, ಅವರು ಹೇಳಿದಲ್ಲೇ, ಅವರು ಹೇಳಿದಷ್ಟೇ. ಮಸುಕು ಚಿತ್ರದಲ್ಲಿತ್ತು, ನನ್ನ ಕಣ್ಣಿನಲ್ಲಿರಲಿಲ್ಲ.

"ಸಾರಿ, ವಸು" ಎಂದರು ಅವರು, ನನ್ನ ಕಣ್ಣಲ್ಲಿ ನೀರು ನೋಡಿ ಗಾಬರಿಯಾಗಿ. "ಅಷ್ಟೇನೂ ಗೊತ್ತಾಗಲ್ಲ."

"ಗೊತ್ತಾಗತ್ತೆ ರೀ. ಚೆನ್ನಾಗಿ ಗೊತ್ತಾಗತ್ತೆ" ಎಂದು, ಆ ಚಿತ್ರವನ್ನು ಹರಿದು ಹಾಕಿ, ಕ್ಯಾಮೆರಾಕ್ಕೆ ಹೊಸ ಫಿಲ್ಮ್ ಹಾಕಿದೆ.